ಕಾರ್ಬುರೇಟರ್ ಎಂಜಿನ್ ಕೂರಿಸುವಾಗ ಡಿಸ್ಟ್ರಿಬ್ಯೂಟರ್ ಆರಿಸುವುದು ಹೇಗೆ?

ಹಳೆ ಜಿಪ್ಸಿಗೆ ಬೇರೆ ಕಾರಿನ ಎಂಜಿನ್ ಇಳಿಸಿ ಕಾರ್ಬುರೇಟರ್ ಕೂರಿಸಿದ ಮೇಲೆ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ಸ್ಟಾರ್ಟ್ ಆಗುತ್ತೆ, ಐಡಲ್ ನಿಲ್ಲುತ್ತೆ, ಪಿಕಪ್ ಮಾತ್ರ ಇಲ್ಲ. ಮೊದಲು ಕಾರ್ಬುರೇಟರ್‌ನ ಜೆಟ್ (ಪೆಟ್ರೋಲ್ ಅಳೆದು ಬಿಡುವ ರಂಧ್ರ) ಬದಲಾಯಿಸಲು ಹೋಗಬೇಡಿ, ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ನೋಡಿ.

ಆರ್‌ಪಿಎಂ ಏರಿದಂತೆ ಕಿಡಿ ಬೇಗ ಬೀಳಬೇಕು. ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್‌ನಲ್ಲಿ ಆ ಕೆಲಸ ಇಸಿಯು ಎಂಬ ಕಂಪ್ಯೂಟರ್‌ನದ್ದು. ಕಾರ್ಬುರೇಟರ್ ಹಾಕಿದರೆ ಇಸಿಯು ಇರುವುದಿಲ್ಲ, ಹಾಗಾಗಿ ಡಿಸ್ಟ್ರಿಬ್ಯೂಟರ್ ಒಳಗಿನ ತೂಕ, ಸ್ಪ್ರಿಂಗ್ ಮತ್ತು ಎಂಜಿನ್‌ನ ಗಾಳಿ ಎಳೆತದಿಂದ ಕೆಲಸ ಮಾಡುವ ಪಕ್ಕದ ವ್ಯಾಕ್ಯೂಮ್ ಡಬ್ಬಿಯೇ ಅದನ್ನು ಮಾಡಬೇಕು. ಕ್ಯಾಪ್ ತೆಗೆದು ರೋಟರನ್ನು (ನಡುವೆ ತಿರುಗುತ್ತಾ ಕಿಡಿ ಹಂಚುವ ತುಂಡು) ಅದು ತಿರುಗುವ ದಿಕ್ಕಿಗೆ ಬೆರಳಿನಿಂದ ತಿರುಗಿಸಿ. ಸ್ವಲ್ಪ ಸರಿದು, ಬಿಟ್ಟೊಡನೆ ಸ್ಪ್ರಿಂಗ್ ಎಳೆದು ವಾಪಸ್ ಬರಬೇಕು. ಅಲ್ಲಾಡದಿದ್ದರೆ ತೂಕ ಜಾಮ್ ಆಗಿದೆ, ಇಲ್ಲವೇ ಅದು ಎಂಪಿಎಫ್‌ಐ ಮಾಲು. ವ್ಯಾಕ್ಯೂಮ್ ಡಬ್ಬಿಗೆ ಪೈಪ್ ಹಾಕಿ ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿ. ಒಳಗಿನ ಪ್ಲೇಟ್ ಸರಿದು ಅಲ್ಲೇ ನಿಂತರೆ ಸರಿ. ನಿಧಾನವಾಗಿ ಹಿಂದೆ ಜಾರಿದರೆ ಒಳಗಿನ ಪರದೆ (ಡಯಾಫ್ರಮ್) ಹರಿದಿದೆ.

ಮುಂದೆ ನೋಡಬೇಕಾದ್ದು ತಿರುಗುವ ದಿಕ್ಕು. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಸರದಿ) 1-3-4-2 ಇದ್ದರೆ ಪ್ಲಗ್ ವೈರ್ ಅದಲುಬದಲು ಮಾಡಿ ಎಂಜಿನ್ ಓಡಿಸಬಹುದು. ಆದರೆ ಡಿಸ್ಟ್ರಿಬ್ಯೂಟರನ್ನು ಎಡಕ್ಕೆ ತಿರುಗಿಸುವ ಎಂಜಿನ್‌ಗೆ ಬಲಕ್ಕೆ ತಿರುಗುವ ಡಿಸ್ಟ್ರಿಬ್ಯೂಟರ್ ಹಾಕಿದರೆ ಟೈಮಿಂಗ್ (ಕಿಡಿ ಬೀಳುವ ಹೊತ್ತು) ಮುಂದೆ ಹೋಗುವ ಬದಲು ಹಿಂದೆ ಬರುತ್ತದೆ, ಅದಕ್ಕೆ ವೈರ್ ಬದಲಿಸಿ ಪ್ರಯೋಜನವಿಲ್ಲ. ಕೆಳಗಿನ ಗೇರ್ ಅಥವಾ ಶಾಫ್ಟ್ ತುದಿಯ ನಾಲಿಗೆ ಆ ಎಂಜಿನ್‌ನ ಮೂಲ ಡಿಸ್ಟ್ರಿಬ್ಯೂಟರ್‌ನದಕ್ಕೆ ತಾಳೆಯಾಗಬೇಕು. ಅಡ್ಡ ಕೂರುವ ಕಾರ್ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ಹೆಡ್‌ನ ತುದಿಯಿಂದ ಹೊರಚಾಚಿದ್ದರೆ, ಎಂಜಿನ್ ಉದ್ದಕ್ಕೆ ಕೂರಿಸಿದಾಗ ಅದು ಫೈರ್‌ವಾಲ್‌ಗೆ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ತಾಗುತ್ತದೆ. ಕ್ಯಾಪ್ ಬಿಚ್ಚಲು ಜಾಗ ಉಳಿಯುತ್ತದೆಯೇ ಎಂದು ಮೌಂಟ್ ವೆಲ್ಡ್ ಮಾಡುವ ಮೊದಲೇ ಅಳೆಯಿರಿ.

ಶಿವಾಜಿನಗರದ ಗುಜರಿಯಲ್ಲಿ ಕೊಳ್ಳುವಾಗ ಶಾಫ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಆಟ ಕೈಗೆ ಗೊತ್ತಾದರೆ ಬುಷ್ ಸವೆದಿದೆ. ಅಂಬಾಸಡರ್‌ನ ಲೂಕಾಸ್ ಮಾದರಿಯಲ್ಲಿ ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಗ್ಯಾಪ್ 0.35ರಿಂದ 0.40 ಮಿ.ಮೀ. ಅಷ್ಟು ಸಣ್ಣ ಗ್ಯಾಪ್ ಸವೆದ ಬುಷ್‌ನಲ್ಲಿ ಒಂದೊಂದು ಸಿಲಿಂಡರ್‌ಗೆ ಒಂದೊಂದು ಥರ ಆಗಿ ಮಿಸ್ಸಿಂಗ್ ಬರುತ್ತದೆ. ಬಾಡಿ ಚೆನ್ನಾಗಿದ್ದರೆ ಲೇತ್‌ನಲ್ಲಿ ಬುಷ್ ಹಾಕಿಸಬಹುದು. ಕ್ಯಾಪ್, ರೋಟರ್, ಕಂಡೆನ್ಸರ್ ಮಾತ್ರ ಜೆ.ಸಿ. ರಸ್ತೆಯಲ್ಲಿ ಹೊಸದೇ ತನ್ನಿ. ಹಳೆಯದನ್ನು ಜೊತೆಗೆ ಒಯ್ಯುವುದು ಒಳ್ಳೆಯದು.

ಪಾಯಿಂಟ್ ಸಿಸ್ಟಮ್ ಆದರೆ ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್ ನಡುವೆ ಮಲ್ಟಿಮೀಟರ್ ಇಡಿ. ಸುಮಾರು 3 ಓಮ್ ಇದ್ದರೆ ನೇರ 12 ವೋಲ್ಟ್ ಕೊಡಬಹುದು. 1.5 ಓಮ್ ಇದ್ದರೆ ಕರೆಂಟ್ ತಗ್ಗಿಸುವ ಬ್ಯಾಲಾಸ್ಟ್ ರೆಸಿಸ್ಟರ್ ಬೇಕೇ ಬೇಕು. ಇಲ್ಲದಿದ್ದರೆ 8 ಆಂಪಿಯರ್ ಹರಿದು ಪಾಯಿಂಟ್ ಸುಟ್ಟುಹೋಗುತ್ತದೆ. ದಿನಾ ಓಡಿಸುವ ಗಾಡಿಗೆ ಎಲೆಕ್ಟ್ರಾನಿಕ್ ಮಾದರಿಯೇ ವಾಸಿ.

ಲೂಕಾಸ್‌ನ ಒಳಗೆ ಕೊರೆದ ಅಡ್ವಾನ್ಸ್ (ಕಿಡಿ ಎಷ್ಟು ಬೇಗ ಬೀಳುತ್ತದೆ ಎಂಬ) ಡಿಗ್ರಿಯನ್ನು ಎರಡರಿಂದ ಗುಣಿಸಿ, ಯಾಕೆಂದರೆ ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. 12 ಎಂದಿದ್ದರೆ ಕ್ರ್ಯಾಂಕ್‌ನಲ್ಲಿ 24. ಐಡಲ್‌ನಲ್ಲಿ 8 ಡಿಗ್ರಿ ಇಟ್ಟರೆ ಒಟ್ಟು 32, ಹೆಚ್ಚಿನ ಹಳೆ ನಾಲ್ಕು ಸಿಲಿಂಡರ್ ಎಂಜಿನ್‌ಗಳಿಗೆ ಹೊಂದುವ ಲೆಕ್ಕ. ಆ ಎಂಜಿನ್‌ನ ಮ್ಯಾನ್ಯುಯಲ್ ಸಿಕ್ಕರೆ ಅದರಲ್ಲಿರುವುದೇ ಅಂತಿಮ. ವ್ಯಾಕ್ಯೂಮ್ ಪೈಪ್ ಕಳಚಿ, ಪೈಪಿನ ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು ಐಡಲ್‌ನಲ್ಲೂ 3,000 ಆರ್‌ಪಿಎಂನಲ್ಲೂ ನೋಡಿ. ಆಮೇಲೆ ಪೈಪನ್ನು ಕಾರ್ಬುರೇಟರ್‌ನ ಥ್ರಾಟಲ್ ಪ್ಲೇಟ್‌ಗಿಂತ ಮೇಲಿರುವ ಪೋರ್ಟ್‌ಗೆ ಜೋಡಿಸಿ.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ವ್ಯಾಕ್ಯೂಮ್ ಕೂಡ ಸುಮಾರು 75 ಮಿ.ಮೀ. ಪಾದರಸದಷ್ಟು ಕಡಿಮೆ. ಗಟ್ಟಿ ಸ್ಪ್ರಿಂಗ್‌ನ ಡಬ್ಬಿ ಪೂರ್ತಿ ಎಳೆಯುವುದಿಲ್ಲ, ಹಗುರವಾಗಿ ಎಳೆಯುವುದನ್ನೇ ಆರಿಸಿ. ಗಾಳಿ ತೆಳುವಾದ್ದರಿಂದಲೇ ಇಲ್ಲಿ ಒಂದೆರಡು ಡಿಗ್ರಿ ಜಾಸ್ತಿ ಕೊಟ್ಟರೂ ನಾಕಿಂಗ್ ಬರದೇ ಇರಬಹುದು. ಹಾಗೆ ಕೊಟ್ಟಿದ್ದರೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಮುನ್ನ 2 ಡಿಗ್ರಿ ಹಿಂದಕ್ಕೆ ತನ್ನಿ. ಇಲ್ಲದಿದ್ದರೆ ವಾಪಸ್ ಘಾಟಿ ಹತ್ತುವಾಗ ಲೋಡ್ ಬಿದ್ದೊಡನೆ ಎಂಜಿನ್ ಟಣಟಣ ಅನ್ನಲು ಶುರುಮಾಡುತ್ತದೆ.