ಮಗ ಅಮಲು ಕೇಸಿನಲ್ಲಿ ಸಿಕ್ಕಿಬಿದ್ದರೆ ಮನೆಯವರು ಮಾಡಬೇಕಾದ್ದು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದಲೋ ಮಂಜೇಶ್ವರದಿಂದಲೋ ಪೊಲೀಸ್ ಠಾಣೆಯ ಫೋನ್ ಬಂದರೆ ಸಿಕ್ಕ ಮಾಲಿನ ಬಗ್ಗೆ ಮೊದಲು ಕೇಳಬೇಕಾದ್ದು ತೂಕ. ಎಂಡಿಎಂಎ (ರಾಸಾಯನಿಕ ಅಮಲು ಪದಾರ್ಥ) ಅರ್ಧ ಗ್ರಾಂ, ಹೆರಾಯಿನ್ 5 ಗ್ರಾಂ, ಗಾಂಜಾ 1 ಕೆಜಿ – ಇದಕ್ಕಿಂತ ಕಡಿಮೆಯಿದ್ದರೆ ಕಾನೂನಿನಲ್ಲಿ ‘ಸಣ್ಣ ಪ್ರಮಾಣ’. ಎಂಡಿಎಂಎ 10 ಗ್ರಾಂ, ಗಾಂಜಾ 20 ಕೆಜಿ ದಾಟಿದರೆ ಕನಿಷ್ಠ 10 ವರ್ಷ ಕಠಿಣ ಸಜೆ; ಜಾಮೀನೂ ಸುಲಭವಲ್ಲ. ಕಲಬೆರಕೆಯ ಪುಡಿಯನ್ನೂ ಸೇರಿಸಿಯೇ ತೂಗುತ್ತಾರೆ.

ಮಹಜರು (ಮಾಲು ವಶಪಡಿಸಿಕೊಂಡ ವಿವರದ ದಾಖಲೆ) ಮಲಯಾಳದಲ್ಲಿದ್ದರೆ, ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಲಿ. ಬಂಧನದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ನಂಬರ್ 15100.

ಸಣ್ಣ ಪ್ರಮಾಣವಾದರೆ ಎನ್‌ಡಿಪಿಎಸ್ ಕಾಯ್ದೆಯ (ಅಮಲು ಪದಾರ್ಥಗಳ ಕಾನೂನು) 64ಎ ಕಲಂ ನೆನಪಿರಲಿ. ವ್ಯಸನಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮಾಡಿದರೆ ಆ ಕೇಸು ಮುಂದೆ ನಡೆಯುವುದಿಲ್ಲ. ಆದರೆ ಆಸ್ಪತ್ರೆ ಸರಕಾರದ್ದೋ ಸ್ಥಳೀಯ ಸಂಸ್ಥೆಯದ್ದೋ, ಇಲ್ಲವೇ ಅವುಗಳ ಮಾನ್ಯತೆ ಪಡೆದದ್ದೋ ಆಗಿರಲೇಬೇಕು. ಹೆಚ್ಚಿನ ಮನೆಗಳು ಎಡವುವುದೇ ಇಲ್ಲಿ: ಯಾರೋ ಹೇಳಿದ ಮಾನ್ಯತೆಯಿಲ್ಲದ ಕೇಂದ್ರಕ್ಕೆ ಸೇರಿಸುತ್ತಾರೆ, ಇಲ್ಲವೇ ಸ್ವಲ್ಪ ಸುಧಾರಿಸಿದ ಕೂಡಲೇ ಗಲ್ಫಿಗೆ ಕಳುಹಿಸಿಬಿಡುತ್ತಾರೆ. ಅರ್ಧಕ್ಕೆ ಬಿಟ್ಟರೆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಸೇರಿದ ಚೀಟಿ, ಮೂತ್ರ ಪರೀಕ್ಷೆಯ ವರದಿ, ಒಪಿ ಚೀಟಿ, ಬಿಡುಗಡೆಯ ಪತ್ರ – ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ ವಕೀಲರ ಕೈಗೆ ಕೊಡಿ. ಎಲ್ಲಿ ಸೇರಿಸುವುದೆಂದು ತಿಳಿಯದಿದ್ದರೆ ಕೇರಳ ಅಬಕಾರಿ ಇಲಾಖೆಯ ಚಟ ಬಿಡಿಸುವ ಯೋಜನೆ ‘ವಿಮುಕ್ತಿ’ಗೆ ಕರೆಮಾಡಿ, ನಂಬರ್ 14405.

ಅಮಲಿಗಾಗಿ ಕದ್ದದ್ದು ಬೇರೆಯೇ ಕೇಸು. 64ಎ ಅದನ್ನು ಮುಟ್ಟುವುದಿಲ್ಲ, ಚಟವಿತ್ತೆಂದು ಕಳ್ಳತನ ಮನ್ನಾ ಆಗುವುದೂ ಇಲ್ಲ. ಹಾಗಾಗಬಾರದು ಕೂಡ: ಅಡಿಕೆಯ ಚೀಲ ಕಳೆದುಕೊಂಡ ನೆರೆಯವನಿಗೆ ನಷ್ಟ ನಿಜವಾದದ್ದೇ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303(2) ಇಲ್ಲೊಂದು ಒಳ್ಳೆಯ ದಾರಿ ಇಟ್ಟಿದೆ. ಕದ್ದ ಮಾಲು 5000 ರೂಪಾಯಿಗಿಂತ ಕಡಿಮೆಯದಾಗಿದ್ದು, ಇದು ಮೊದಲ ಶಿಕ್ಷೆಯಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಜೈಲಿಲ್ಲ, ಸಮುದಾಯ ಸೇವೆ. ಆ ಹಣವನ್ನು ಅಪ್ಪ ಗುಟ್ಟಾಗಿ ಕಟ್ಟಿ ಮುಗಿಸಬೇಡಿ. ವಕೀಲರ ಮೂಲಕ, ರಶೀದಿ ಸಹಿತ, ಹುಡುಗನ ಸ್ವಂತ ದುಡಿಮೆಯಿಂದಲೇ ಕಂತಾಗಿ ಹೋಗಲಿ.

ಕೋಣೆಗೆ ಬೀಗ ಹಾಕಿ ಚಟ ಬಿಡಿಸಲು ಹೋಗಬೇಡಿ. ಕುಡಿತವನ್ನೋ ನಿದ್ರೆ ಮಾತ್ರೆಯನ್ನೋ ಥಟ್ಟನೆ ನಿಲ್ಲಿಸಿದರೆ ಅಪಸ್ಮಾರ ಬಂದು ಸಾಯಬಹುದು. ಹೆರಾಯಿನ್ ಚಟದವರಿಗೆ ಜೈಲಿನಿಂದ, ಆಸ್ಪತ್ರೆಯಿಂದ ಬಂದ ಮೊದಲ ವಾರಗಳೇ ಹೆಚ್ಚು ಅಪಾಯ: ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಉಸಿರು ನಿಧಾನವಾಗಿ ತುಟಿ ನೀಲಿಯಾದರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಮಾಡಿ, ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡದೆ ಹೇಳಿ.