ಹಾರ್ಟ್ಸ್ ಆಡುವುದು ಹೇಗೆ

ಹಾರ್ಟ್ಸ್ ಎಂಬ ಎಲೆಯಾಟದಲ್ಲಿ ತುರುಫಿಲ್ಲ, ಅಂದರೆ ಮಿಕ್ಕವನ್ನೆಲ್ಲ ಸೋಲಿಸುವ ಜಾತಿ (ಗುರುತು) ಇಲ್ಲ. ಜೋಡಿಯೂ ಇಲ್ಲ. ನಾಲ್ವರೂ ತಮ್ಮ ತಮ್ಮ ಪಾಡಿಗೆ ಆಡುತ್ತಾರೆ, ಕಡಿಮೆ ಅಂಕ ಬಂದವರು ಗೆಲ್ಲುತ್ತಾರೆ. ಎತ್ತಿಕೊಂಡ ಎಲೆಗಳಲ್ಲಿ ಆಟೀನಿನ (ಹಾರ್ಟ್) ಪ್ರತಿ ಎಲೆಗೆ 1 ಅಂಕ, ಇಸ್ಪೀಟಿನ (ಸ್ಪೇಡ್) ರಾಣಿ ಒಂದಕ್ಕೇ 13. ಬೇರೆ ಯಾವ ಎಲೆಗೂ ಅಂಕವಿಲ್ಲ. ಹಾಗಾಗಿ ಇಡೀ ಆಟ ಆ ರಾಣಿಯ ಸುತ್ತಲೇ ತಿರುಗುತ್ತದೆ.

52 ಎಲೆ ಕಲೆಸಿ ತಲಾ 13 ಹಂಚಿ. ಎಕ್ಕ ದೊಡ್ಡದು, 2 ಚಿಕ್ಕದು. ಮೂವರೇ ಇದ್ದರೆ ಡೈಮಂಡ್ 2 ತೆಗೆದಿಟ್ಟು ತಲಾ 17 ಹಂಚಿ. ಕೈಯಲ್ಲಿ ಎಲೆ ಜೋಡಿಸುವಾಗ ಕೆಂಪು, ಕಪ್ಪು, ಕೆಂಪು, ಕಪ್ಪು ಎಂದು ಇಟ್ಟುಕೊಳ್ಳಿ. ಆಟೀನು, ಡೈಮಂಡ್ ಪಕ್ಕಪಕ್ಕದಲ್ಲಿದ್ದರೆ ಡೈಮಂಡ್ ಕಣ್ತಪ್ಪಿ, ಇಲ್ಲವೆಂದುಕೊಂಡು ಬೇರೆ ಜಾತಿ ಹಾಕಿಬಿಡುತ್ತೀರಿ.

ಆಮೇಲೆ ಪ್ರತಿಯೊಬ್ಬರೂ 3 ಎಲೆ ಆರಿಸಿ ಬೇರೆಯವರಿಗೆ ಕೊಡಬೇಕು. ಮೊದಲ ಹಂಚಿಕೆಯಲ್ಲಿ ಎಡಗಡೆಯವರಿಗೆ, ಎರಡನೆಯದರಲ್ಲಿ ಬಲಗಡೆಯವರಿಗೆ, ಮೂರನೆಯದರಲ್ಲಿ ಎದುರಿನವರಿಗೆ. ನಾಲ್ಕನೆಯದರಲ್ಲಿ ಕೊಡು-ಕೊಳ್ಳುವುದಿಲ್ಲ, ಬಳಿಕ ಮತ್ತೆ ಎಡದಿಂದ. ನಿಮ್ಮ ಮೂರನ್ನು ಕೊಟ್ಟ ಮೇಲೆಯೇ ಬಂದ ಎಲೆ ನೋಡಬೇಕು.

ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ರಾಣಿ ಕಂಡ ಕೂಡಲೇ ಗಾಬರಿಯಿಂದ ಸಾಗಹಾಕುತ್ತಾರೆ. ಜೊತೆಗೆ ಇಸ್ಪೀಟಿನ ಸಣ್ಣ ಎಲೆ ನಾಲ್ಕಾದರೂ ಇದ್ದರೆ ಅದನ್ನು ಇಟ್ಟುಕೊಳ್ಳುವುದೇ ಕ್ಷೇಮ: ಬೇರೆಯವರು ಇಸ್ಪೀಟು ಇಳಿಸಿ ಅದನ್ನು ಹೊರಗೆಳೆಯಲು ನೋಡಿದಾಗ ಸಣ್ಣವನ್ನು ಹಾಕುತ್ತಾ ಹೋಗಬಹುದು. ಒಂದೆರಡೇ ಇದ್ದರೆ ಮಾತ್ರ ಕಳಿಸಿ. ಇಸ್ಪೀಟಿನ ಎಕ್ಕ, ರಾಜಕ್ಕೂ ಇದೇ ಲೆಕ್ಕ. ಇಸ್ಪೀಟಿನ ಸಣ್ಣ ಎಲೆಗಳನ್ನಂತೂ ಯಾವತ್ತೂ ಕೊಡಬೇಡಿ.

ಕಳಾವರ್ (ಕ್ಲಬ್) 2 ಇರುವವರು ಅದನ್ನೇ ಇಳಿಸಿ ಆಟ ಶುರುಮಾಡಬೇಕು. ಇಳಿಸಿದ ಜಾತಿಯ ಎಲೆ ಕೈಯಲ್ಲಿದ್ದರೆ ಅದನ್ನೇ ಹಾಕಲೇಬೇಕು, ಇಲ್ಲದಿದ್ದರೆ ಏನನ್ನಾದರೂ ಹಾಕಬಹುದು. ಮೊದಲು ಇಳಿದ ಜಾತಿಯಲ್ಲಿ ದೊಡ್ಡ ಎಲೆ ಯಾರದೋ ಅವರು ನಾಲ್ಕೂ ಎಲೆ ಎತ್ತಿಕೊಂಡು ಮುಂದಿನ ಸುತ್ತು ಆರಂಭಿಸುತ್ತಾರೆ. ಉದಾಹರಣೆಗೆ ಡೈಮಂಡ್ 9 ಇಳಿಯಿತು, ಮೇಲೆ ಡೈಮಂಡ್ 4, ಡೈಮಂಡ್ ರಾಜ, ಇಸ್ಪೀಟಿನ ರಾಣಿ ಬಿದ್ದವು ಎನ್ನಿ. ಡೈಮಂಡ್ ರಾಜ ಹಾಕಿದವರ ತಲೆಗೆ 13.

ಎರಡು ನಿರ್ಬಂಧಗಳಿವೆ. ಮೊದಲ ಸುತ್ತಿನಲ್ಲಿ ಕಳಾವರ್ ಇಲ್ಲದಿದ್ದರೂ ಆಟೀನನ್ನಾಗಲಿ ಇಸ್ಪೀಟಿನ ರಾಣಿಯನ್ನಾಗಲಿ ಎಸೆಯುವಂತಿಲ್ಲ. ಇನ್ನು, ಯಾರಾದರೂ ಆಟೀನನ್ನು ಬೇರೆ ಜಾತಿಯ ಮೇಲೆ ಎಸೆಯುವವರೆಗೆ ಸುತ್ತನ್ನು ಆಟೀನಿನಿಂದ ಆರಂಭಿಸುವಂತಿಲ್ಲ. ಕೈಯಲ್ಲಿ ಬರೀ ಆಟೀನೇ ಉಳಿದಿದ್ದರೆ ಮಾತ್ರ ಇಳಿಸಬಹುದು. ಇಸ್ಪೀಟಿನ ರಾಣಿ ಬಿದ್ದರೂ ಆಟೀನಿಗೆ ದಾರಿ ತೆರೆಯಿತು ಎಂದು ಕೆಲವರು ಆಡುತ್ತಾರೆ, ಅದನ್ನು ಆಟಕ್ಕೆ ಮುಂಚೆಯೇ ಮಾತಾಡಿಕೊಳ್ಳಿ.

ಈ ಆಟದ ಸೊಗಸೆಲ್ಲ ಒಂದು ತಿರುವಿನಲ್ಲಿದೆ. ಆಟೀನು ಹದಿಮೂರನ್ನೂ ಇಸ್ಪೀಟಿನ ರಾಣಿಯನ್ನೂ ಒಬ್ಬರೇ ಎತ್ತಿಕೊಂಡರೆ ಅವರಿಗೆ 0, ಉಳಿದವರಿಗೆ ತಲಾ 26. ಇದನ್ನು ತಡೆಯಲು ಒಂದೇ ಒಂದು ಆಟೀನು ಎತ್ತಿದರೂ ಸಾಕು. ಆದ್ದರಿಂದ ಅಂಕದ ಎಲೆಗಳೆಲ್ಲ ಒಬ್ಬರ ಬಳಿಯೇ ಸೇರುತ್ತಿವೆ ಅನಿಸಿದಾಗ ಕೈಯಲ್ಲಿ ಆಟೀನಿನ ಒಂದು ದೊಡ್ಡ ಎಲೆ ಉಳಿಸಿಕೊಂಡಿರಿ, 1 ಅಂಕ ಬಂದರೂ ಬರಲಿ.

ಯಾರಾದರೂ 100 ಮುಟ್ಟಿದಾಗ ಆಟ ಮುಗಿಯುತ್ತದೆ. ಪ್ರತಿ ಹಂಚಿಕೆಯ ಅಂಕ ಬರೆದ ಮೇಲೆ ನಾಲ್ವರದ್ದನ್ನೂ ಕೂಡಿ ನೋಡಿ: 26 ಬರಬೇಕು, ಒಬ್ಬರೇ ಎಲ್ಲ ಎತ್ತಿದ್ದರೆ 78. ಬರದಿದ್ದರೆ ಎಲೆ ಮತ್ತೆ ಕಲೆಸುವ ಮುಂಚೆ ಎಲ್ಲರ ರಾಶಿಯನ್ನೂ ಇನ್ನೊಮ್ಮೆ ಎಣಿಸಿ.