ಪಡುಗೋಡೆಯ ಕಿಟಕಿ

ಉಡುಪಿ, ಕುಂದಾಪುರದ ಕಡೆ ಹದಿನೈದು ವರ್ಷ ಇತರರ ಮನೆಗಳಿಗೆ ನಕ್ಷೆ ಬರೆದು, ಕಿಟಕಿಯ ಅಳತೆ ಕೊಟ್ಟು, ಬಿಲ್ಲು ಪಾಸು ಮಾಡಿ ಅಭ್ಯಾಸವಿದ್ದ ನನಗೆ, ಕಾಪುವಿನಲ್ಲಿ ಸ್ವಂತ ಮನೆಯ ಪಂಚಾಂಗ, ಎಂದರೆ ತಳಪಾಯ, ಮುಗಿದು ಗೋಡೆ ಏಳತೊಡಗಿದಾಗಲೇ ಕಿಟಕಿಯ ವಿಷಯದಲ್ಲಿ ನನ್ನ ತಿಳಿವಳಿಕೆ ಎಷ್ಟು ತೆಳುವಾಗಿದೆ ಎಂಬುದು ಗೊತ್ತಾಯಿತು. ಜಾಗ ಕಡಲಿನಿಂದ ಮುಕ್ಕಾಲು ಕಿಲೋಮೀಟರ್ ಒಳಗಿದೆ. ಮುಖ್ಯ ಕೋಣೆಯ ಉದ್ದನೆಯ ಗೋಡೆ ಪಡುವಣಕ್ಕಿದೆ, ಏಕೆಂದರೆ ಗಾಳಿ ಬರುವುದು ಅಲ್ಲಿಂದಲೇ; ಬಿಸಿಲು ಮತ್ತು ಮಳೆ ಹೊಡೆಯುವುದೂ ಅಲ್ಲಿಂದಲೇ. ಮೂರು ಅಂಗಡಿಗಳಿಂದ ಕೊಟೇಶನ್ ತರಿಸಿದೆ. ಮೂರರಲ್ಲೂ ಮಾತು ಗಾಜಿನಿಂದ ಆರಂಭವಾಗಿ ಗಾಜಿನಲ್ಲೇ ಮುಗಿದಿತ್ತು: ಒಂದು ಪದರವೋ ಎರಡು ಪದರವೋ, ನೀಲಿಯೋ ಕಂದೋ, ಕನ್ನಡಿಯಂತೆ ಹೊಳೆಯುವುದೋ ಎಂದು. ಎರಡು ಪದರದ ಡಬಲ್ ಗ್ಲೇಜಿಂಗ್ ಹಾಕಿಸಿದರೆ ಮನೆ ತಂಪಾಗಿರುತ್ತದೆ ಎಂದು ಮೂವರೂ ಹೇಳಿದರು, ಮತ್ತು ಅದರ ಬೆಲೆ ಸಾಮಾನ್ಯ ಗಾಜಿನ ಎರಡು ಪಟ್ಟಿಗಿಂತ ಹೆಚ್ಚಿತ್ತು.

ದುಡ್ಡು ನನ್ನದೇ ಆದ್ದರಿಂದ ಲೆಕ್ಕ ಹಾಕಲು ಕುಳಿತೆ. ಮಾರ್ಚ್ ಕೊನೆಯ ವಾರದಲ್ಲಿ ಸಂಜೆ ನಾಲ್ಕೂವರೆಗೆ ನಮ್ಮಲ್ಲಿ ಸೂರ್ಯ ಪಡುವಣ ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ಹೊತ್ತಿನಲ್ಲಿ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ 500 ವ್ಯಾಟಿನಷ್ಟು ನೇರ ಬಿಸಿಲು ಬೀಳುತ್ತದೆಂದು ಹಿಡಿದುಕೊಂಡರೆ, ಐದು ಮಿಲಿಮೀಟರಿನ ಪಾರದರ್ಶಕ ಗಾಜು ಅದರಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಒಳಗೆ ಬಿಡುತ್ತದೆ. ಈ ಪಾಲನ್ನೇ ಗಾಜಿನ ಕಾಗದಪತ್ರಗಳಲ್ಲಿ ಎಸ್‌ಎಚ್‌ಜಿಸಿ ಎಂದು ಬರೆದಿರುತ್ತಾರೆ. ಅದೇ ಪಾರದರ್ಶಕ ಗಾಜನ್ನು ಎರಡು ಪದರ ಮಾಡಿದರೆ ಒಳಬರುವುದು ಶೇಕಡಾ 70ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಹಾಗಾದರೆ ಎರಡನೆಯ ಪದರದ ಕೆಲಸವೇನು? ಒಳಗಿನ ಮತ್ತು ಹೊರಗಿನ ಗಾಳಿಯ ಉಷ್ಣತೆಗಳ ವ್ಯತ್ಯಾಸದಿಂದ ಗಾಜಿನ ಮೂಲಕ ಹರಿಯುವ ಶಾಖವನ್ನು ತಡೆಯುವುದು. ಆ ವ್ಯತ್ಯಾಸ ಹಿಮ ಬೀಳುವ ಊರಿನಲ್ಲಿ 30 ಡಿಗ್ರಿ ಇರಬಹುದು, ನಮ್ಮ ಕರಾವಳಿಯಲ್ಲಿ ಏಸಿ ಹಾಕಿದ ಕೋಣೆಯಲ್ಲೂ ಸಾಮಾನ್ಯವಾಗಿ ಆರೇಳು ಡಿಗ್ರಿ. ಒಂದು ಪದರದ ಗಾಜಿನಲ್ಲಿ ಈ ದಾರಿಯಿಂದ ಬರುವುದು ಚದರ ಮೀಟರಿಗೆ ಸುಮಾರು 34 ವ್ಯಾಟ್, ಎರಡು ಪದರದಲ್ಲಿ 17. ಒಂದು ಕಡೆ 400 ವ್ಯಾಟಿನ ಬಿಸಿಲು ನೇರವಾಗಿ ನುಗ್ಗುತ್ತಿರುವಾಗ, ಇನ್ನೊಂದು ಕಡೆ 17 ವ್ಯಾಟ್ ಉಳಿಸಲು ದುಪ್ಪಟ್ಟು ದುಡ್ಡು ಕೊಡಬೇಕೆಂಬುದು ಆ ಕೊಟೇಶನ್‌ಗಳ ಸಾರವಾಗಿತ್ತು. ನಾನು ಯೋಚಿಸಿದ್ದ ಎರಡು ಕಿಟಕಿಗಳ ಒಟ್ಟು ವಿಸ್ತಾರ ಐದು ಚದರ ಮೀಟರ್. ನೆರಳಿಲ್ಲದೆ ಬಿಟ್ಟರೆ ದಿನವೂ ಸಂಜೆ ಎರಡು ಇಸ್ತ್ರಿಪೆಟ್ಟಿಗೆಗಳನ್ನು ಹಚ್ಚಿ ಕೋಣೆಯ ಮಧ್ಯೆ ಇಟ್ಟಂತೆ.

ಬಿಸಿಲನ್ನು ಗಾಜಿಗೆ ತಾಗುವ ಮೊದಲೇ ತಡೆಯಬೇಕು. ಗಾಜು ದಾಟಿ ಬಂದ ಮೇಲೆ ಪರದೆ ಎಳೆದರೆ ಬೆಳಕು ಕಡಿಮೆಯಾದೀತು, ಶಾಖ ಪರದೆಯ ಬಟ್ಟೆಗೆ ಏರಿ ಕೋಣೆಯಲ್ಲೇ ಉಳಿಯುತ್ತದೆ. ಆದರೆ ನಾವು ರೂಢಿಯಂತೆ ಎರಡು ಅಡಿಯ ಸನ್‌ಶೇಡ್ ಹಾಕುತ್ತೇವಲ್ಲ, ಅದರಿಂದ ಪಡುವಣ ಕಿಟಕಿಗೆ ಆಗುವ ಉಪಕಾರ ಬಹಳ ಕಡಿಮೆ. 30 ಡಿಗ್ರಿಯ ಬಿಸಿಲಿಗೆ ಎರಡು ಅಡಿಯ ಸನ್‌ಶೇಡ್ ಕೊಡುವ ನೆರಳು ಒಂದು ಅಡಿ ಎರಡು ಅಂಗುಲ. ನಾಲ್ಕೂವರೆ ಅಡಿ ಎತ್ತರದ ಕಿಟಕಿ ಪೂರ್ತಿ ನೆರಳಾಗಬೇಕಿದ್ದರೆ ಅದರ ತಲೆಯ ಮಟ್ಟದಲ್ಲೇ ಎಂಟು ಅಡಿ ಚಾಚು ಬೇಕು. ಇಷ್ಟು ಉದ್ದ ಕಾಂಕ್ರೀಟನ್ನು ಯಾರೂ ಚಾಚುವುದಿಲ್ಲ.

ನನ್ನ ಲೆಕ್ಕದ ಹಾಳೆಗಳನ್ನು ನೋಡುತ್ತ ಅಮ್ಮ ಕೇಳಿದ್ದು ಇಷ್ಟೇ: “ಗಾಳಿ ಬರ್ಲಿಕ್ಕಲ್ವಾ ಮಗಾ ಕಿಟಕಿ ಇಡುದು? ಮುಚ್ಚಿಡುವ ಕಿಟಕಿಗೆ ಇಷ್ಟು ದುಡ್ಡು ಯಾಕೆ ಹಾಕುದು?” ಅವರು ಹುಟ್ಟಿ ಬೆಳೆದ ಮುರಕಲ್ಲಿನ ಮನೆಯಲ್ಲಿ ಪಡುಬದಿಗೆ ಆಳವಾದ ಜಗಲಿ ಇತ್ತು, ಮಾಡು ಎಷ್ಟು ತಗ್ಗಿಗೆ ಇಳಿದಿತ್ತೆಂದರೆ ಎತ್ತರದವರು ತಲೆ ಬಗ್ಗಿಸಿಯೇ ಒಳಗೆ ಬರಬೇಕಿತ್ತು. ಆ ತಗ್ಗು ಬಡತನದಿಂದಲೋ ವಿನಯ ಕಲಿಸಲಿಕ್ಕೋ ಬಂದದ್ದೆಂದು ನಾನು ಅದುವರೆಗೆ ನಂಬಿದ್ದೆ. ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ ಲೆಕ್ಕ ಸರಿಹೋಯಿತು: ಗೋಡೆಯಿಂದ ಏಳು ಅಡಿ ದೂರಕ್ಕೆ, ನೆಲದಿಂದ ಆರೂವರೆ ಅಡಿ ಎತ್ತರಕ್ಕೆ ಮಾಡಿನ ಅಂಚು ಬಂದರೆ, ನಾಲ್ಕೂವರೆ ಗಂಟೆಯ ಬಿಸಿಲು ಗೋಡೆಯನ್ನು ತಾಗುವುದು ನೆಲದಿಂದ ಎರಡೂವರೆ ಅಡಿಯಲ್ಲಿ. ನನ್ನ ಕಿಟಕಿಯ ಕೆಳಗಿನ ದಂಡೆಯೂ ಅಷ್ಟೇ ಎತ್ತರದಲ್ಲಿತ್ತು. ಡಬಲ್ ಗ್ಲೇಜಿಂಗಿಗೆ ಎತ್ತಿಟ್ಟ ದುಡ್ಡು ಮಂಗಳೂರು ಹಂಚಿನ ಜಗಲಿಗೆ ಹೋಯಿತು. ಐದು ಗಂಟೆಯ ನಂತರ ಸೂರ್ಯ ಇನ್ನೂ ಕೆಳಗಿಳಿದಾಗ ಕಿಟಕಿಯ ಕೆಳಭಾಗಕ್ಕೆ ಬಿಸಿಲು ತಾಗಿಯೇ ತಾಗುತ್ತದೆ. ಅದಕ್ಕೆ ಜಗಲಿಯ ಅಂಚಿನಲ್ಲಿ ಅಡಕೆ ಮರ ಸೀಳಿದ ಸಲಿಕೆಯ ತಟ್ಟಿಗಳನ್ನು ತೂಗುಹಾಕಿದ್ದೇನೆ. ಮಳೆಗಾಲಕ್ಕೆ ಮೊದಲು ತೆಂಗಿನ ಮಡಲಿನ ತಟ್ಟಿ ಕಟ್ಟುವ ಹಳೆಯ ಪದ್ಧತಿಯೇ ಇದು, ನಾನು ಅದನ್ನು ಬೇಸಿಗೆಗೂ ವಿಸ್ತರಿಸಿದೆನಷ್ಟೇ.

ಉಳಿದ ದಿಕ್ಕುಗಳು ಇಷ್ಟು ತಲೆ ತಿನ್ನಲಿಲ್ಲ. ತೆಂಕಣ ಕಿಟಕಿಗೆ ಡಿಸೆಂಬರ್ ಮಧ್ಯಾಹ್ನದ ಸೂರ್ಯ 53 ಡಿಗ್ರಿ ಎತ್ತರದಲ್ಲಿರುವುದರಿಂದ ಮೂರು ಅಡಿಯ ಸನ್‌ಶೇಡ್ ನಾಲ್ಕು ಅಡಿ ನೆರಳು ಕೊಡುತ್ತದೆ. ಎಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ತುಸು ಬಡಗಣಕ್ಕೆ ಸರಿಯುವುದರಿಂದ ಉತ್ತರದ ಕಿಟಕಿಗೂ ಒಂದೂವರೆ ಅಡಿಯದು ಬೇಕು. ಮೂಡಣದಲ್ಲಿ ನೆರೆಮನೆಯ ತೆಂಗಿನ ತೋಟವಿದೆ.

ಅಮ್ಮ ಹೇಳಿದ ಗಾಳಿಯ ಮಾತಿಗೂ ಒಂದು ಲೆಕ್ಕವಿದೆ. 2018ರಲ್ಲಿ ಹೊರಬಂದ ಇಕೋ ನಿವಾಸ್ ಸಂಹಿತೆ ಎಂಬ ಕೇಂದ್ರದ ಸಂಹಿತೆ, ನಮ್ಮಂಥ ಬಿಸಿ ಮತ್ತು ತೇವದ ಹವೆಯ ಊರುಗಳಲ್ಲಿ ನೆಲದ ವಿಸ್ತಾರದ ಶೇಕಡಾ 16.66ರಷ್ಟು, ಎಂದರೆ ಆರನೆಯ ಒಂದು ಪಾಲು, ತೆರೆಯಬಲ್ಲ ಕಿಟಕಿ ಬಾಗಿಲು ಇರಬೇಕೆನ್ನುತ್ತದೆ. ಗಾಜಿನ ವಿಸ್ತಾರವಲ್ಲ, ತೆರೆಯಬಲ್ಲ ವಿಸ್ತಾರ ಎಂಬುದು ಗಮನಿಸಬೇಕಾದ ಮಾತು. ನಮ್ಮ ಹಾಲ್ 14 ಅಡಿಗೆ 16 ಅಡಿ, ಅದಕ್ಕೆ 37 ಚದರ ಅಡಿ ಬೇಕು. ಆರು ಅಡಿಗೆ ನಾಲ್ಕೂವರೆ ಅಡಿಯ ಎರಡು ಕಿಟಕಿಗಳೆಂದರೆ 54 ಚದರ ಅಡಿ. ಅಂಗಡಿಯವರು ಒತ್ತಾಯಿಸುತ್ತಿದ್ದ ಎರಡು ಪಡಿಯ ಸ್ಲೈಡಿಂಗ್, ಎಂದರೆ ಕದಗಳು ಪಕ್ಕಕ್ಕೆ ಜಾರುವ ಕಿಟಕಿ, ಹಾಕಿದರೆ ಒಂದರ ಹಿಂದೆ ಇನ್ನೊಂದು ನಿಲ್ಲುವುದರಿಂದ ಅರ್ಧವೇ ತೆರೆಯುತ್ತದೆ, 27 ಚದರ ಅಡಿ. ಹೊರಕ್ಕೆ ತೆರೆಯುವ ಪಡಿಗಳಾದರೆ ಶೇಕಡಾ 90ರಂತೆ 48. ಸ್ಲೈಡಿಂಗ್ ಅಲ್ಲಿಗೇ ಬಿದ್ದುಹೋಯಿತು.

ಅದನ್ನು ಬಿಡಲು ನನಗೆ ಇನ್ನೊಂದು ಕಾರಣವೂ ಇತ್ತು. 2011ರಲ್ಲಿ ನಾನು ಮಾಡಿಸಿದ ಒಂದು ಮನೆಯಲ್ಲಿ ಪಡುವಣಕ್ಕೆ ಎಂಟು ಅಡಿಯ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಇತ್ತು. ಜೂನ್ ಎರಡನೆಯ ವಾರದ ಒಂದು ರಾತ್ರಿ ಮನೆಯವರು ಫೋನ್ ಮಾಡಿದರು. ನಾನು ಹೋಗಿ ನೋಡಿದಾಗ ಕೆಳಗಿನ ಹಳಿಯಲ್ಲಿ ನಿಂತ ನೀರು, ಗಾಳಿ ಬೀಸಿದಾಗಲೊಮ್ಮೆ, ಕುದಿಯುವ ಹಾಲಿನಂತೆ ಉಕ್ಕಿ ಒಳಗಿನ ಅಂಚನ್ನು ದಾಟಿ ಸೋಫಾದ ಅಡಿಗೆ ಹರಿಯುತ್ತಿತ್ತು. ನೀರು ಹೊರಹೋಗುವ ತೂತುಗಳನ್ನು ಗಾರೆಯವರು ಸಿಮೆಂಟಿನಿಂದ ಮುಚ್ಚಿದ್ದರು, ಅದು ಅರ್ಧ ಕಾರಣ. ಇನ್ನರ್ಧ ಕಾರಣ ನನಗೆ ತಿಳಿದದ್ದು ತಡವಾಗಿ: ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಕಿಟಕಿಯ ಮೇಲೆ ಹೇರುವ ಒತ್ತಡ ಸುಮಾರು 17 ಮಿಲಿಮೀಟರ್ ಎತ್ತರದ ನೀರನ್ನು ಎತ್ತಿ ಹಿಡಿಯಬಲ್ಲದು. ಹಳಿಯ ಒಳಅಂಚು ಅದಕ್ಕಿಂತ ಎತ್ತರವಿಲ್ಲದಿದ್ದರೆ ತೂತು ತೆರೆದಿದ್ದರೂ ನೀರು ಹೊರಗೆ ಇಳಿಯುವ ಬದಲು ಒಳಗೆ ಏರುತ್ತದೆ. ಆ ಕಿಟಕಿಯ ಅಂಚನ್ನು ಅಳೆದೆ, 12 ಮಿಲಿಮೀಟರ್ ಇತ್ತು. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದೂ ಕಡಲಿನಿಂದ ಓರೆಯಾಗಿ ಹೊಡೆಯುವ ಊರಿನಲ್ಲಿ ಇಂಥದ್ದನ್ನು ಒಪ್ಪಿಕೊಂಡ ತಪ್ಪು ಎಂಜಿನಿಯರನದೇ. ಹೊರಕ್ಕೆ ತೆರೆಯುವ ಪಡಿಯನ್ನಾದರೆ ಗಾಳಿ ತಾನೇ ರಬ್ಬರಿನ ಗ್ಯಾಸ್ಕೆಟ್ಟಿಗೆ ಒತ್ತಿ ಹಿಡಿಯುತ್ತದೆ. ಜೋರಾಗಿ ಬೀಸಿದಷ್ಟೂ ಬಿಗಿಯಾಗುತ್ತದೆ.

ಚೌಕಟ್ಟಿಗೆ ಒಂದೇ ವಸ್ತುವನ್ನು ಮನೆಯಿಡೀ ಬಳಸಲಿಲ್ಲ. ಜಗಲಿಯ ನೆರಳಿನಲ್ಲಿರುವ ಕೆಳಗಿನ ಕಿಟಕಿಗಳಿಗೆ ಕಿರಾಲ್‌ಬೋಗಿ ಮರದ ದಾರಂದ, ಸಾಗುವಾನಿಯ ಪಡಿ. ಆಚಾರ್ರು ಪಡಿಗಳನ್ನು ಕೂರಿಸಿದ್ದು ಮಾರ್ಚಿನಲ್ಲಿ. ನಾಲ್ಕೂ ಬದಿ ಸಂದು ಕಂಡು ನಾನು ಗೊಣಗಿದಾಗ ಅವರು ಎರಡು ರೂಪಾಯಿಯ ಎರಡು ನಾಣ್ಯಗಳನ್ನು ಜೋಡಿಸಿ ಪಡಿಗೂ ದಾರಂದಕ್ಕೂ ನಡುವೆ ತೂರಿಸಿ ತೋರಿಸಿದರು. “ಈಗ ಇದು ಹೋಗ್ಬೇಕು ಸಾರ್. ಈಗಲೇ ಬಿಗಿ ಮಾಡಿದ್ರೆ ಆಟಿಯಲ್ಲಿ ತೆಗಿಲಿಕ್ಕೆ ಸುತ್ತಿಗೆ ಬೇಕಾದೀತು.” ಆಟಿ ತಿಂಗಳಲ್ಲಿ, ಎಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ನೋಡಿದಾಗ ಒಂದು ನಾಣ್ಯವೂ ಹೋಗುವಂತಿರಲಿಲ್ಲ, ಪಡಿ ಮಾತ್ರ ಸಲೀಸಾಗಿ ತೆರೆಯುತ್ತಿತ್ತು.

ಜಗಲಿಯ ನೆರಳಿಲ್ಲದ ಮೇಲಂತಸ್ತಿಗೆ ಬಿಳಿಯ ಯುಪಿವಿಸಿ, ಎಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು. ಮರದ ಬಣ್ಣದ ಹಾಳೆ ಅಂಟಿಸಿದ್ದು ಚೆಂದ ಕಾಣುತ್ತದೆ, ಆದರೆ ಗಾಢ ಬಣ್ಣ ಬಿಸಿಲಿಗೆ ಹೆಚ್ಚು ಕಾದು ಹಿಗ್ಗುವುದರಿಂದ ಪಡುಗೋಡೆಗೆ ಬೇಡವೆಂದೆ. ಯುಪಿವಿಸಿಗೆ ತುಕ್ಕಿಲ್ಲ ಎಂಬ ಮಾತು ನಿಜವಾದರೂ ಅದರ ಹೊಟ್ಟೆಯೊಳಗೆ ಬಲಕ್ಕಾಗಿ ಇಡುವ ಉಕ್ಕಿನ ಪಟ್ಟಿಗೆ ತುಕ್ಕು ಹಿಡಿಯುತ್ತದೆ. ಹಾಗಾಗಿ ನೀರಿನ ತೂತು ಆ ಉಕ್ಕಿನ ಪಟ್ಟಿ ಇರುವ ಪೊಳ್ಳನ್ನು ಹಾದುಹೋಗದೆ ಹೊರಗಿನ ಪೊಳ್ಳಿನಲ್ಲೇ ಇಳಿಯಬೇಕು. ಇದನ್ನು ಕಾರ್ಖಾನೆಗೆ ಹೋಗಿ, ಕತ್ತರಿಸಿದ ಚೌಕಟ್ಟಿನ ತುಂಡನ್ನು ಕೈಯಲ್ಲಿ ಹಿಡಿದು ನೋಡಿಯೇ ಒಪ್ಪಿದೆ.

ಉಪ್ಪುಗಾಳಿಯ ಹೊಡೆತ ಮೊದಲು ಕಾಣುವುದು ಚೌಕಟ್ಟಿನಲ್ಲಲ್ಲ, ತಿರುಪು, ತಿರುಗಣಿ, ಹಿಡಿಕೆಗಳಲ್ಲಿ. ನಮ್ಮ ಕಡೆ “ಎಸ್‌ಎಸ್ ಹಾಕಿದ್ದೇವೆ” ಎಂದರೆ ಮಾತು ಮುಗಿಯಿತು, ಆದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕಡಲ ಬದಿಯಲ್ಲಿ ಒಂದೆರಡು ಮಳೆಗಾಲದಲ್ಲೇ ಚಹಾ ಚೆಲ್ಲಿದಂಥ ಕಲೆ ಹಿಡಿಯುತ್ತದೆ. ಮಾಲಿಬ್ಡಿನಂ ಎಂಬ ಲೋಹ ಬೆರೆಸಿದ 316ಕ್ಕೆ ಆ ಕಲೆ ಬಹಳ ಕಡಿಮೆ. ಕಣ್ಣಿಗೆ ಎರಡೂ ಒಂದೇ. ಅಂಗಡಿಯವರು ಹಿಡಿದು ತೋರಿಸುವ ಅಯಸ್ಕಾಂತದಿಂದಲೂ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಮಾಲಿಬ್ಡಿನಂ ಪರೀಕ್ಷೆಯ ಚಿಕ್ಕ ಸೀಸೆಯೊಂದನ್ನು ತರಿಸಿಕೊಂಡು, ಲೋಹದ ಮೇಲೆ ಒಂದು ಹನಿ ಬಿಟ್ಟು ಒಂಬತ್ತು ವೋಲ್ಟಿನ ಬ್ಯಾಟರಿ ತಾಗಿಸಿ ನೋಡಿದೆ. 316 ಎಂದು ಬಿಲ್ಲು ಮಾಡಿದ ಇಪ್ಪತ್ತನಾಲ್ಕು ತಿರುಗಣಿಗಳಲ್ಲಿ ಹದಿನಾರರ ಮೇಲೆ ಹನಿ ಕೆಂಪಾಯಿತು. ಕೆಂಪಾಗದ, ಎಂದರೆ ಮಾಲಿಬ್ಡಿನಂ ಇಲ್ಲದ, ಎಂಟನ್ನು ವಾಪಸು ಕಳಿಸಿದೆ.

ಗಾಜು ಬಂದದ್ದು ಎಲ್ಲಕ್ಕಿಂತ ಕೊನೆಗೆ, ಮತ್ತು ಅಷ್ಟು ಹೊತ್ತಿಗೆ ಅದು ತೀರ ಸುಲಭವಾಗಿತ್ತು. ನೆರಳಿರುವ ಕಿಟಕಿಗಳಿಗೆಲ್ಲ ಐದು ಮಿಲಿಮೀಟರಿನ ಪಾರದರ್ಶಕ ಟಫನ್ಡ್ ಗಾಜು. ಅದನ್ನು ಕಾಯಿಸಿ ಗಟ್ಟಿ ಮಾಡಿದ ಮೇಲೆ ಕತ್ತರಿಸಲಾಗದ ಕಾರಣ, ದಾರಂದ ಕೂರಿಸಿದ ನಂತರವೇ ಅಳತೆ ಕೊಡಬೇಕು. ಗಾಢ ಬಣ್ಣದ ಗಾಜನ್ನು ನಾನು ಎಲ್ಲಿಯೂ ಒಪ್ಪಲಿಲ್ಲ. ಬಿಸಿಲಿನ ಹೆದರಿಕೆಯಿಂದ ಅದನ್ನು ಹಾಕಿಸಿಕೊಂಡವರು ಜೂನಿನಿಂದ ಸೆಪ್ಟೆಂಬರ್‌ವರೆಗೆ ನಡುಹಗಲಲ್ಲೇ ದೀಪ ಹಚ್ಚಿ ಕೂರುವುದನ್ನು ನೋಡಿದ್ದೇನೆ. ಕನ್ನಡಿಯಂತೆ ಹೊಳೆಯುವ ಗಾಜಿನದು ಇನ್ನೊಂದು ಕಥೆ: ಹಗಲು ಹೊರಗಿನವರಿಗೆ ಒಳಗೇನೂ ಕಾಣದು, ಆದರೆ ರಾತ್ರಿ ದೀಪ ಹಾಕಿದರೆ ಮನೆ ಬಯಲಾಟದ ರಂಗಸ್ಥಳ. ಮೇಲಂತಸ್ತಿನ ಒಂದು ಕಿಟಕಿಗೆ ಮಾತ್ರ, ಕಡಲು ಕಾಣಲಿ ಎಂಬ ಆಸೆಯಿಂದ ನೆರಳನ್ನು ಬಿಟ್ಟುಕೊಟ್ಟದ್ದಕ್ಕೆ, ಶಾಖ ತಡೆಯುವ ಗಟ್ಟಿಲೇಪದ ಗಾಜು ಹಾಕಿಸಿದೆ. ಬಿಸಿಲಿನಲ್ಲಿ ಅರ್ಧದಷ್ಟನ್ನು ಬಿಡುವಂಥದ್ದು. ಮೆದುಲೇಪದ್ದು ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಅದು ತೇವಕ್ಕೆ ಹಾಳಾಗುವುದರಿಂದ ಎರಡು ಪದರಗಳ ನಡುವೆ ಮುಚ್ಚಿಯೇ ಬಳಸಬೇಕು.

ಆ ಮುಚ್ಚುಗೆಯ ಮೇಲೆಯೇ ನನಗೆ ನಂಬಿಕೆ ಕಡಿಮೆ. ಬೇರೊಬ್ಬರ ಮನೆಯಲ್ಲಿ ನಾನೇ ಒಪ್ಪಿಗೆ ಕೊಟ್ಟ ಡಬಲ್ ಗ್ಲೇಜಿಂಗ್ ನಾಲ್ಕನೆಯ ವರ್ಷಕ್ಕೆ ಒಳಗಿನಿಂದ ಮಂಜಾಯಿತು. ತಳದಲ್ಲಿ ನೀರು ನಿಂತು ಅಂಚಿನ ಅಂಟು ಬಿಟ್ಟಿತ್ತು, ಎರಡು ಪದರಗಳ ನಡುವೆ ತೇವ ಹೀರಲು ಇಟ್ಟ ಹರಳುಗಳು ತಣಿದುಹೋಗಿದ್ದವು. ಒರೆಸಲು ಕೈ ಹೋಗದ ಮಂಜು ಅದು, ಗಾಜನ್ನೇ ಬದಲಿಸಬೇಕಾಯಿತು. ಮಳೆಗಾಲದ ಮುಂಜಾನೆ ನಮ್ಮ ಏಸಿ ಕೋಣೆಯ ಒಂದು ಪದರದ ಗಾಜಿನ ಮೇಲೂ ಮಂಜು ಕೂರುತ್ತದೆ, ಆದರೆ ಹೊರಬದಿಗೆ. ಒಳಗೆ 22 ಡಿಗ್ರಿಗೆ ತಣಿದ ಗಾಜಿಗೆ ಹೊರಗಿನ ತೇವದ ಗಾಳಿ ತಾಗಿ ಆಗುವ ಈ ಮಂಜು ಏಸಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಹೆದ್ದಾರಿ 66ರ ಲಾರಿಗಳ ಸದ್ದು ಬರುವ ಮೂಡಣದ ಮಲಗುವ ಕೋಣೆಗೆ ಮಾತ್ರ, ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜು ಹಾಕಿದ್ದೇನೆ.

ಇಷ್ಟೆಲ್ಲ ಮಾಡಿಯೂ ಮೊದಲ ಮಳೆಗಾಲದಲ್ಲಿ ಕಡಲು ಕಾಣುವ ಆ ಮೇಲಿನ ಕಿಟಕಿಯ ತೆಂಕಣ ಮೂಲೆಯಿಂದ ನೀರು ಜಿನುಗಿತು. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಕೆಲಸದವರು ತುಂಬಿದ್ದು ಹುಳಿ ವಾಸನೆಯ ಅಗ್ಗದ ಸಿಲಿಕೋನ್. ಅದು ಸಿಮೆಂಟಿಗೆ ಸರಿಯಾಗಿ ಹಿಡಿಯದೆ ಸಿಪ್ಪೆಯಂತೆ ಎದ್ದಿತ್ತು. ನವರಾತ್ರಿಯ ಹೊತ್ತಿಗೆ ಮಳೆ ಬಿಟ್ಟ ಮೇಲೆ ಅದನ್ನು ಪೂರ್ತಿ ಕೆರೆದು ತೆಗೆದು, ಗೋಡೆಯನ್ನು ಒಂದು ವಾರ ಒಣಗಲು ಬಿಟ್ಟು, ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನನ್ನು ನಾನೇ ಏಣಿ ಹತ್ತಿ ತುಂಬಿದೆ. ಈಗ ತಿಂಗಳಿಗೊಮ್ಮೆ ಅದೇ ಏಣಿಯಲ್ಲಿ ಬಾವಿಯ ಸಿಹಿನೀರಿನ ಪೈಪು ಹಿಡಿದು ಹತ್ತಿ, ಗಾಜಿಗೂ ತಿರುಗಣಿಗಳಿಗೂ ಕೂತ ಉಪ್ಪನ್ನು ತೊಳೆಯುತ್ತೇನೆ. ಕೆಳಗಿನ ಕಿಟಕಿಗಳಿಗೆ ಜಗಲಿ ಇರುವುದರಿಂದ ಒದ್ದೆ ಬಟ್ಟೆ ಸಾಕಾಗುತ್ತದೆ.